ಹೊಸ ಮಚ್ಚಿಗೆ ಬಾಯೇ ಇಲ್ಲ: ಅರ ಹಾಕಲಾ, ಕುಲುಮೆಗೆ ಒಯ್ಯಲಾ?

ಸಾಗರದ ತೋಟಿಗ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಹೊಸ ಮಚ್ಚು ತಗೊಂಡೆ. ಅಲಗು 14 ಇಂಚು, ಬೆನ್ನು ಸುಮಾರು 3 ಮಿಲಿಮೀಟರ್ ದಪ್ಪ, ಪ್ಲಾಸ್ಟಿಕ್ ಹಿಡಿ, ಮೈಯೆಲ್ಲ ಕಪ್ಪು ಬಣ್ಣ. ಮಳೆ ಹಿಡಿಯುವುದರೊಳಗೆ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡು) ಲಂಟಾನ ಸವರಿ ಮುಗಿಸಬೇಕಿತ್ತು. ಮೊದಲ ಏಟಿಗೇ ಗೊತ್ತಾಯಿತು, ಇದಕ್ಕೆ ಬಾಯೇ ಇಲ್ಲ. ಹೆಬ್ಬೆರಳು ದಪ್ಪದ ಕಾಂಡ ಬಾಗಿ ಮುಖಕ್ಕೆ ಚಿಮ್ಮಿತೇ ಹೊರತು ತುಂಡಾಗಲಿಲ್ಲ. ಅಂಚು ಮುಟ್ಟಿ ನೋಡಿದರೆ ಶಾಲೆಯ ಸ್ಟೀಲ್ ಸ್ಕೇಲಿನ ಅಂಚಿನ ಹಾಗಿತ್ತು.

ಪೇಟೆಯಲ್ಲಿ ಸಾಣೆ ಹಿಡಿಯುವ ಒಬ್ಬರಿಗೆ ಕೊಟ್ಟೆ. ಕರೆಂಟಿನ ಚಕ್ರಕ್ಕೆ ಒತ್ತಿ ಹಿಡಿದರು. ಕಿಡಿ ಹಾರಿತು. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಪೇಪರ್ ಸರ್ರನೆ ಕೊಯ್ಯಿತು. ಖುಷಿಯಲ್ಲಿ ಮನೆಗೆ ಬಂದೆ. ಬಿಸಿಲಿಗೆ ಹಿಡಿದು ನೋಡಿದರೆ ತುದಿಯ ಕಡೆ ಎರಡು ಇಂಚು ನವಿಲುಗರಿಯ ಹಾಗೆ ನೀಲಿ, ನೇರಳೆ ಬಣ್ಣ ಬಂದಿದೆ. ಮರುದಿನ ನಾಲ್ಕು ಬಿದಿರು ಕಡಿದೆ. ಆ ನೀಲಿ ಜಾಗದಲ್ಲಿ ಅಂಚು ಬೀಡಿ ಎಲೆಯ ಹಾಗೆ ಒಂದು ಬದಿಗೆ ಸುರುಳಿಯಾಯಿತು. ನಡುವೆ ಇನ್ನೊಂದು ಅನಾಹುತ. ಹಳೇ ಬೇಲಿಗೂಟದ ಒಳಗೆ ತಂತಿ ಹುದುಗಿತ್ತು. ಅದಕ್ಕೆ ಬಡಿದು ಅಲಗಿನ ಮಧ್ಯದಲ್ಲಿ 2 ಮಿಲಿಮೀಟರ್ ಆಳದ ಮುಕ್ಕು ಬಿದ್ದಿದೆ. ಹಿಡಿಯೂ ಅಲ್ಲಾಡುತ್ತಿದೆ.

ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದು ಒಂದು ವರ್ಷ ಆಯಿತು. ಅಜ್ಜನ ಕಾಲದಲ್ಲಿ ಕತ್ತಿ ಮಸೆಯುವುದು ಮನೆಯಲ್ಲೇ ನಡೆಯುತ್ತಿತ್ತು. ನನಗೆ ಅದು ದಾಟಿ ಬರಲಿಲ್ಲ. ಈ ಮಚ್ಚು ಉಳಿಯುತ್ತದಾ? ಉಳಿಯುವುದಾದರೆ ಎಲ್ಲಿಂದ ಶುರು ಮಾಡಲಿ?

ಎಳನೀರು ಮದ್ದೂರು

ಎಸೆಯಬೇಡಿ ಸಾರ್. ಹೊಸ ಮಚ್ಚಿಗೆ ಬಾಯಿ ಇರುವುದೇ ಇಲ್ಲ. ಫ್ಯಾಕ್ಟರಿಯಲ್ಲಿ ಆಕಾರ ಮಾತ್ರ ಕೊಟ್ಟು ಕಳಿಸುತ್ತಾರೆ, ಬಾಯಿ ನಾವು ಮಾಡಿಕೊಳ್ಳಬೇಕು. ಸಾಗಿಸುವಾಗ ಚೂಪಾಗಿದ್ದರೆ ಅಪಾಯ, ಅದೂ ಒಂದು ಕಾರಣ. ಇನ್ನೊಂದು, ಯಾರು ಏನು ಕಡಿಯುತ್ತಾರೆ ಅಂತ ಅವರಿಗೆ ಗೊತ್ತಿರುವುದಿಲ್ಲ ಅಲ್ವಾ.

ನಾನು ದಿನಕ್ಕೆ 200 ಎಳನೀರು ಕೆತ್ತುತ್ತೇನೆ. ನನಗೆ ತೆಳ್ಳಗಿನ ಬಾಯಿ ಬೇಕು. ಎಳೆ ಸಿಪ್ಪೆ ಮೆತ್ತಗಿರುತ್ತದೆ. ಆದರೆ ನಾರು ಜಾಸ್ತಿ, ಮೊಂಡಾದರೆ ನಾರು ಹರಿಯುವುದಿಲ್ಲ, ಜಗಿದ ಹಾಗಾಗುತ್ತದೆ. ನನ್ನ ಮಚ್ಚನ್ನು ನೀವು ಲಂಟಾನಕ್ಕೆ ಹಾಕಿದರೆ ಅರ್ಧ ಗಂಟೆಯಲ್ಲಿ ಗರಗಸ ಆಗುತ್ತದೆ. ನಿಮಗೆ ಸ್ವಲ್ಪ ದಪ್ಪ ಬಾಯಿ ಬೇಕು.

ಪೀಣ್ಯ ಟೂಲ್‌ರೂಮ್

ನೀಲಿ ಬಣ್ಣದ ಬಗ್ಗೆ ಹೇಳುತ್ತೇನೆ, 22 ವರ್ಷ ಇದೇ ಕೆಲಸ ಮಾಡಿದ್ದೇನೆ.

ಹದ ಹಾಕಿದ, ಅಂದರೆ ಕಾಯಿಸಿ ಅದ್ದಿ ಗಟ್ಟಿ ಮಾಡಿದ ಉಕ್ಕನ್ನು ಮತ್ತೆ ಕಾಯಿಸಿದರೆ ಮೇಲ್ಮೈಯಲ್ಲಿ ತೆಳು ಪದರ ಹುಟ್ಟುತ್ತದೆ. ಬಿಸಿ ಏರಿದಂತೆ ಆ ಪದರ ದಪ್ಪವಾಗುತ್ತದೆ, ಬಣ್ಣ ಬದಲಾಗುತ್ತದೆ. 220ರಿಂದ 230 ಡಿಗ್ರಿ ಸೆಲ್ಸಿಯಸ್‌ಗೆ ಒಣಹುಲ್ಲಿನ ಹಳದಿ. 255ರ ಸುಮಾರಿಗೆ ಕಂದು. 280ಕ್ಕೆ ನೇರಳೆ. 300ರ ಹತ್ತಿರ ನೀಲಿ. ಅದರಾಚೆಗೆ ಬಣ್ಣ ಮಾಸಿ ಬೂದಿಯಾಗುತ್ತದೆ. ಒಮ್ಮೆ ಏರಿದ ಬಿಸಿ ಉಕ್ಕನ್ನು ಎಷ್ಟು ಮೆದು ಮಾಡಬೇಕೋ ಅಷ್ಟು ಮಾಡಿಬಿಟ್ಟಿರುತ್ತದೆ. ಬಣ್ಣವನ್ನು ಮರಳು ಕಾಗದದಲ್ಲಿ ಉಜ್ಜಿ ತೆಗೆದರೆ ಬಣ್ಣ ಹೋಗುತ್ತದೆ, ಗಟ್ಟಿತನ ವಾಪಸ್ ಬರುವುದಿಲ್ಲ.

ಆದರೆ ನೀಲಿ ಕಂಡ ಕೂಡಲೇ ಮಚ್ಚು ಸತ್ತಿತು ಅಂತ ತೀರ್ಮಾನ ಬೇಡ. ಅಡುಗೆ ಚಾಕುವಿನಷ್ಟು ಗಡಸು ಹದವನ್ನು ಮಚ್ಚಿಗೆ ಕೊಡುವುದಿಲ್ಲ. ಮಚ್ಚು ಏಟು ತಾಳಬೇಕು, ಬಾಗಿ ಮತ್ತೆ ನೆಟ್ಟಗಾಗಬೇಕು. ಗಟ್ಟಿತನ ಅಳೆಯುವ ರಾಕ್‌ವೆಲ್ ಅಳತೆಯಲ್ಲಿ ಅರ 60 ದಾಟಿರುತ್ತದೆ. ಒಳ್ಳೆ ಮಚ್ಚು 50ರ ಆಸುಪಾಸು ಇರುತ್ತದೆ. ಹಾಗಾಗಿ ನೀಲಿ ಕಂಡ ಜಾಗದಲ್ಲಿ ಮೈ ಚೆನ್ನಾಗೇ ಇರಬಹುದು. ಸಮಸ್ಯೆ ಇರುವುದು ಕಟ್ಟಕಡೆಯ ಅಂಚಿನಲ್ಲಿ. ಅದು ಕಾಗದದಷ್ಟು ತೆಳು. ಚಕ್ರದ ಬಿಸಿ ಹೋಗಲು ಅದಕ್ಕೆ ಜಾಗವೇ ಇಲ್ಲ. ಮೈ 300ಕ್ಕೆ ಬಂದಾಗ ಅಂಚು ಅದಕ್ಕಿಂತ ಎಷ್ಟೋ ಮೇಲೆ ಹೋಗಿರುತ್ತದೆ. ನಿಮ್ಮ ಅಂಚು ಮಡಚಿದ್ದು ಅದಕ್ಕೇ.

ಎಷ್ಟು ಆಳಕ್ಕೆ ಸತ್ತಿದೆ ಅಂತ ಅರದಲ್ಲೇ ಕೇಳಿ. ಅರ ಹೇಳುತ್ತದೆ.

ಕುಲುಮೆ ಮನೆ

ಮೇಲಿನವರು ಹೇಳಿದ್ದು ಸರಿ. ನಮ್ಮದು ಕಮ್ಮಾರಿಕೆಯ ಮನೆತನ. ಅಪ್ಪನ ಕೈಯಲ್ಲಿ ತಿದಿ ಒತ್ತಿ ಕಲಿತವನು ನಾನು. ಅರದ ಪರೀಕ್ಷೆ ಹೇಗೆ ಅಂತ ಹೇಳುತ್ತೇನೆ.

ಒಂದು ಹೊಸ ಅರ ತಗೊಳ್ಳಿ, ಹಳೇದು ಬೇಡ. ಮೊದಲು ಹಿಡಿಯ ಹತ್ತಿರದ ಅಂಚಿಗೆ ಹಗುರವಾಗಿ ಒಮ್ಮೆ ತಳ್ಳಿ. ಅಲ್ಲಿ ಚಕ್ರ ಜಾಸ್ತಿ ತಾಗಿರುವುದಿಲ್ಲ, ಅದೇ ನಿಮ್ಮ ಅಳತೆ. ಕೈಗೆ ಹೇಗೆ ಸಿಕ್ಕಿತು, ಶಬ್ದ ಹೇಗೆ ಬಂತು ನೆನಪಿಟ್ಟುಕೊಳ್ಳಿ. ಆಮೇಲೆ ಮಧ್ಯಕ್ಕೆ, ಕೊನೆಗೆ ನೀಲಿ ಜಾಗಕ್ಕೆ ಬನ್ನಿ. ಒತ್ತಡ ಎಲ್ಲ ಕಡೆ ಒಂದೇ ಇರಲಿ.

ಗಾಜಿನ ಮೇಲೆ ಉಜ್ಜಿದ ಹಾಗೆ ಅರ ಜಾರಿ, ಕಿರ್ ಅಂದರೆ ಆ ಜಾಗ ಅತಿ ಗಡಸು. ಕಲ್ಲಿಗೆ ಬಡಿದರೆ ಚಕ್ಕೆ ಹಾರುತ್ತದೆ. ಬೆಣ್ಣೆಗೆ ಚಾಕು ಹಾಕಿದ ಹಾಗೆ ಅರ ಒಳಗೆ ಹೋದರೆ ಅಲ್ಲಿ ಹದ ಇಲ್ಲ. ಅರ ಕಚ್ಚಬೇಕು, ಆದರೆ ಕೆಲಸ ಮಾಡಿಸಿಕೊಂಡು ಕಚ್ಚಬೇಕು. ಒಂದೇ ಸಮನೆ ಶಬ್ದ ಬರಬೇಕು. ಮಚ್ಚಿನ ಹದ ಅಂದರೆ ಅದು.

ಮೂರೂ ಜಾಗದ ಶಬ್ದ ಕೇಳಿ ಬಂದು ಹೇಳಿ. ಅಲ್ಲಿಯವರೆಗೆ ಚಕ್ರಕ್ಕೆ ಕೊಡಬೇಡಿ.

ಶಿರಸಿ ಅಂಗಳ

ನಮ್ಮಲ್ಲಿ ಮಚ್ಚು ಅನ್ನುವುದಿಲ್ಲ, ಕತ್ತಿ ಅಂತಲೇ ಹೇಳುವುದು. ಸೊಂಟಕ್ಕೆ ಕೊಕ್ಕೆ ಕಟ್ಟಿ ಹಿಂದೆ ಸಿಕ್ಕಿಸಿಕೊಳ್ಳುವ ಬಾಗಿದ ಮೂತಿಯ ಕತ್ತಿ. ಒಂದು ವಿಷಯ ಸೇರಿಸಬೇಕು ಅನಿಸಿತು. ಅರ ಕೊಳ್ಳುವಾಗ ಅದಕ್ಕೆ ಮರದ ಹಿಡಿ ಹಾಕಿಸಿಕೊಂಡೇ ಬನ್ನಿ. ಹಿಡಿ ಇಲ್ಲದ ಅರದ ಬಾಲ ಚೂಪಾಗಿರುತ್ತದೆ. ಅರ ಎಲ್ಲಾದರೂ ತಡೆದು ನಿಂತರೆ ಅದು ನೇರ ಅಂಗೈಗೆ ಇಳಿಯುತ್ತದೆ. ನನ್ನ ತಮ್ಮನಿಗೆ ಹಾಗೆ ಆಗಿ ನಾಲ್ಕು ಹೊಲಿಗೆ ಬಿತ್ತು.

ಇನ್ನೊಂದು, ಹಲ್ಲಿರುವ ಕುಡುಗೋಲಿಗೆ ಈ ಪದ್ಧತಿ ತರಬೇಡಿ. ಅದರ ಹಲ್ಲು ಇರುವ ಕಡೆ ಅರ ಹಾಕಿದರೆ ಹಲ್ಲೇ ಹೋಗುತ್ತದೆ. ನುಣುಪಾದ ಬೆನ್ನಿನ ಬದಿಯನ್ನು ಮಾತ್ರ ಕಲ್ಲಿಗೆ ಚಪ್ಪಟೆಯಾಗಿ ಉಜ್ಜಬೇಕು.

ಸಾಗರದ ತೋಟಿಗ

ಎಲ್ಲರಿಗೂ ಧನ್ಯವಾದ. 10 ಇಂಚಿನ ಚಪ್ಪಟೆ ಅರ ತಂದೆ, ಹಿಡಿ ಹಾಕಿಸಿದ್ದೇನೆ. ಪರೀಕ್ಷೆ ಮಾಡಿದೆ. ಹಿಡಿಯ ಹತ್ತಿರ ಅರ ಚೆನ್ನಾಗಿ ಕಚ್ಚುತ್ತದೆ, ಝುಂಯ್ ಅಂತ ಒಂದೇ ಶಬ್ದ. ಮಧ್ಯದಲ್ಲೂ ಅಷ್ಟೇ. ತುದಿಯ ಎರಡು ಇಂಚಿನಲ್ಲಿ ಶಬ್ದವೇ ಬೇರೆ, ಮಂಕು. ಒಂದೇ ಎಳೆತಕ್ಕೆ ಹೊಳೆಯುವ ಹಾದಿ ಬೀಳುತ್ತದೆ, ಅರದ ಹಲ್ಲಿಗೆ ದಪ್ಪ ಪುಡಿ ಮೆತ್ತಿಕೊಳ್ಳುತ್ತದೆ.

ಇಷ್ಟು ಸ್ಪಷ್ಟವಾಗಿ ಕೈಗೆ ಗೊತ್ತಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಕುಲುಮೆ ಮನೆ

ಹಾಗಾದರೆ ನಿಮ್ಮ ಮಚ್ಚಿನ ಹದ ಒಳ್ಳೆಯದೇ ಇದೆ. ಸತ್ತಿರುವುದು ತುದಿಯ ಅಂಚು ಮಾತ್ರ. ಸತ್ತ ಭಾಗ ಅರದಲ್ಲಿ ತೆಗೆದು ಒಳಗಿನ ಜೀವಂತ ಉಕ್ಕು ಸಿಗುತ್ತದಾ ನೋಡೋಣ. ಸಿಕ್ಕರೆ ಕುಲುಮೆಯ ಕೆಲಸವೇ ಇಲ್ಲ. ಎರಡು ಸಂಜೆಯ ಕೆಲಸ, ಅವಸರ ಬೇಡ.

ಮೊದಲು ಮಚ್ಚನ್ನು ಅಲ್ಲಾಡದ ಹಾಗೆ ಹಿಡಿಸಬೇಕು. ವೈಸ್ ಇದ್ದರೆ ಸರಿ. ಇಲ್ಲದಿದ್ದರೆ ಒಂದು ಮೋಟು ಮರದ ದಿಮ್ಮಿಗೆ ಗರಗಸದಲ್ಲಿ ಎರಡು ಇಂಚು ಆಳದ ಸೀಳು ಹಾಕಿ. ಬೆನ್ನು ಕೆಳಗೆ, ಬಾಯಿ ಮೇಲೆ ಬರುವ ಹಾಗೆ ಮಚ್ಚನ್ನು ಅದರಲ್ಲಿ ಕೂರಿಸಿ, ಪಕ್ಕದಲ್ಲಿ ಒಂದು ಬಿದಿರಿನ ಬೆಣೆ ಬಡಿಯಿರಿ. ನಮ್ಮಪ್ಪ ಹಾಗೇ ಮಾಡುತ್ತಿದ್ದರು. ವೈಸಿಗಿಂತ ಚೆನ್ನ, ಅಲಗಿಗೆ ಗೀರು ಬೀಳುವುದಿಲ್ಲ.

ಅರ ಮುಂದಕ್ಕೆ ತಳ್ಳುವಾಗ ಮಾತ್ರ ಕೊಯ್ಯುತ್ತದೆ. ಹಿಂದಕ್ಕೆ ಎಳೆಯುವಾಗ ಎತ್ತಿಬಿಡಿ. ಸುಮ್ನೆ ಹಿಂದೆ ಮುಂದೆ ಉಜ್ಜಿದರೆ ಅರದ ಹಲ್ಲು ಸಾಯುತ್ತದೆ, ಮಚ್ಚು ಮಸೆಯುವುದಿಲ್ಲ. ಉದ್ದಕ್ಕೆ ಓರೆಯಾಗಿ ತಳ್ಳಿ. ಬುಡದಲ್ಲಿ ಶುರುವಾದ ತಳ್ಳು ಮೂರು ನಾಲ್ಕು ಇಂಚು ಮುಂದೆ ಮುಗಿಯಬೇಕು. ಒಂದೇ ಕಡೆ ಉಜ್ಜಿದರೆ ಬಾಯಿ ಹಳ್ಳ ದಿಣ್ಣೆಯಾಗುತ್ತದೆ.

ಅರಕ್ಕೆ ಎಣ್ಣೆ ತಾಗಿಸಬೇಡಿ, ಜಾರುತ್ತದೆ. ಸೀಮೆಸುಣ್ಣ ಉಜ್ಜಿಕೊಳ್ಳಿ, ಪುಡಿ ಮೆತ್ತುವುದು ನಿಲ್ಲುತ್ತದೆ.

ಪೀಣ್ಯ ಟೂಲ್‌ರೂಮ್

ಕೋನದ ಬಗ್ಗೆ ಕೇಳುತ್ತೀರಿ ಅಂತ ಮೊದಲೇ ಹೇಳುತ್ತೇನೆ. ಒಂದು ಕಾಗದದ ಮೂಲೆ 90 ಡಿಗ್ರಿ. ಆ ಮೂಲೆ ಸರಿಯಾಗಿ ಅರ್ಧವಾಗುವ ಹಾಗೆ ಮಡಚಿದರೆ 45. ಇನ್ನೊಮ್ಮೆ ಮಡಚಿದರೆ 22.5. ಆ ಮಡಿಕೆಯನ್ನು ಅಲಗಿನ ಪಕ್ಕ ಹಿಡಿದು ಅರವನ್ನು ಅದಕ್ಕೆ ಸಮ ಮಾಡಿಕೊಳ್ಳಿ. ಲಂಟಾನ, ಬಿದಿರು, ಒಣಕೊಂಬೆಗೆ ಪ್ರತಿ ಬದಿಗೆ ಇಷ್ಟು ಬೇಕು. ಇನ್ನೂ ಗಟ್ಟಿ ಮರ ಕಡಿಯುವುದಾದರೆ 25ರಿಂದ 30. ಹುಲ್ಲು, ಬಾಳೆ, ಎಳನೀರಿಗೆ 20 ಸಾಕು.

ಕೈ ಕೋನ ತಪ್ಪುತ್ತಿದೆಯಾ ಅಂತ ತಿಳಿಯಲು ಅಂಚಿನ ಎರಡೂ ಕಡೆ ಮಾರ್ಕರ್ ಪೆನ್ನಿನಲ್ಲಿ ಬಣ್ಣ ಹಚ್ಚಿ. ಅರ ಎರಡು ಸಲ ತಳ್ಳಿ ನೋಡಿ. ಬಣ್ಣ ಮೇಲ್ಭಾಗದಲ್ಲಿ ಮಾತ್ರ ಹೋಗಿ ಅಂಚಿನಲ್ಲಿ ಉಳಿದರೆ ಅರ ಜಾಸ್ತಿ ಮಲಗಿದೆ. ಅಂಚಿನಲ್ಲಿ ಮಾತ್ರ ಹೋದರೆ ಜಾಸ್ತಿ ಎದ್ದಿದೆ.

ಮುಕ್ಕಿನ ವಿಷಯ ಮರೆಯಬೇಡಿ. ಅದರ ತಳ ಚೂಪು ಮೂಲೆಯಾಗಿದ್ದರೆ ಅಲ್ಲಿಂದ ಬಿರುಕು ಏಳಬಹುದು. ಪ್ರತಿ ಏಟಿನ ಒತ್ತಡ ಆ ಮೂಲೆಗೇ ಹೋಗುತ್ತದೆ. ಸಣ್ಣ ಗುಂಡು ಅರದಲ್ಲಿ ನಾಲ್ಕು ಸಲ ಸವರಿ ಮೂಲೆಯನ್ನು ದುಂಡಗೆ ಮಾಡಿ.

ಕೊಡಗಿನ ಕಾಫಿ

ಮುಕ್ಕಿಗಾಗಿ ಪೂರ್ತಿ ಅಲಗನ್ನು 2 ಮಿಲಿಮೀಟರ್ ಸವೆಸುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ತೋಟದಲ್ಲಿ ನಾವು ದುಂಡಗೆ ಮಾಡಿ ಬಿಟ್ಟುಬಿಡುತ್ತೇವೆ. ಕಾಫಿ ಗಿಡದ ಕೊಂಬೆ, ನೆರಳಿನ ಮರ ಸವರುವಾಗ ಒಂದು ಮುಕ್ಕು ಏನೂ ತೊಂದರೆ ಕೊಡುವುದಿಲ್ಲ. ಹತ್ತು ಸಲ ಮಸೆಯುವಷ್ಟರಲ್ಲಿ ತಾನಾಗೇ ಕರಗಿ ಹೋಗುತ್ತದೆ. ಉಕ್ಕು ಒಮ್ಮೆ ತೆಗೆದರೆ ವಾಪಸ್ ಬರುವುದಿಲ್ಲ ಅಲ್ವಾ.

ಮುಕ್ಕು ಇರುವ ಜಾಗವನ್ನಷ್ಟೇ ಉಜ್ಜಿ ಹಳ್ಳ ಮಾಡುವುದು ಮಾತ್ರ ಮಾಡಬೇಡಿ. ಬಳ್ಳಿ, ಹುಲ್ಲು ಎಲ್ಲ ಆ ಹಳ್ಳಕ್ಕೇ ಹೋಗಿ ಸಿಕ್ಕಿಕೊಳ್ಳುತ್ತದೆ.

ಕುಲುಮೆ ಮನೆ

ಕೊಡಗಿನವರ ಮಾತು ಒಪ್ಪುತ್ತೇನೆ. ಆದರೆ ಇವರು ತುದಿಯಲ್ಲಿ ಹೇಗೂ ಎರಡು ಮೂರು ಮಿಲಿಮೀಟರ್ ತೆಗೆಯಲೇಬೇಕು. ತುದಿ ತೆಗೆದು ಮಧ್ಯ ಬಿಟ್ಟರೆ ಅಲಗಿನ ಹೊಟ್ಟೆಯ, ಅಂದರೆ ಬಾಯಿಯ ಉಬ್ಬಿದ ಭಾಗದ ಬಾಗು ಕೆಡುತ್ತದೆ. ಹಾಗಾಗಿ ಇವರಿಗೆ ಪೂರ್ತಿ ಅಲಗನ್ನು ಒಂದೇ ಗೆರೆಗೆ ತರುವುದು ಒಳ್ಳೆಯದು. ಮುಕ್ಕೂ ಹೋಗುತ್ತದೆ.

ತೆಗೆಯುವ ಕ್ರಮ ಹೀಗೆ. ಮೊದಲು ಅರವನ್ನು ಅಂಚಿಗೆ ಅಡ್ಡವಾಗಿ, ಚಪ್ಪಟೆಯಾಗಿ ಇಟ್ಟು ಅಂಚನ್ನೇ ಸವೆಸಿ, ಬೇಕಾದ ಗೆರೆಗೆ ತನ್ನಿ. ಆಗ ಮಚ್ಚು ಪೂರ್ತಿ ಮೊಂಡಾಗುತ್ತದೆ, ಹೆದರಬೇಡಿ. ಆಮೇಲೆ ಎರಡೂ ಬದಿಯಿಂದ ಓರೆ ತೆಗೆಯಿರಿ. ಮೊದಲೇ ಓರೆ ಮಾಡಿ ಆಮೇಲೆ ಗೆರೆ ತಿದ್ದಲು ಹೋದರೆ ಕೆಲಸ ಎರಡು ಪಟ್ಟು.

ಒಂದು ಬದಿ ಸಾಕಷ್ಟು ಆಯಿತು ಅಂತ ಗೊತ್ತಾಗುವುದು ಹೇಗೆ? ಎದುರು ಬದಿಯ ಅಂಚಿಗೆ ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸವರಿ. ಯಾವತ್ತೂ ಅಂಚಿನ ಉದ್ದಕ್ಕೆ ಸವರಬೇಡಿ. ಸಣ್ಣ ಸಿಬಿರು ಬೆರಳಿಗೆ ತೊಡಕುತ್ತದೆ. ವರ್ಕ್‌ಶಾಪಿನವರು ಅದಕ್ಕೆ ಬರ್ ಅನ್ನುತ್ತಾರೆ. ಬುಡದಿಂದ ತುದಿಯವರೆಗೆ ಸಿಬಿರು ಎದ್ದ ಮೇಲೆ ಮಗ್ಗುಲು ಬದಲಿಸಿ. ಎರಡನೇ ಬದಿಯಿಂದ ಸಿಬಿರು ಮತ್ತೆ ಈಚೆಗೆ ಬರುತ್ತದೆ. ಆಮೇಲೆ ಒತ್ತಡ ಕಡಿಮೆ ಮಾಡುತ್ತಾ ಒಂದೊಂದು ಬದಿಗೆ ಒಂದೊಂದು ಸಲ ತಳ್ಳಿ.

ಕೊನೆಗೆ ಮಸೆಕಲ್ಲು. ಎರಡು ಮುಖದ ಕಾರ್ಬೊರಂಡಮ್ ಕಲ್ಲು ಯಾವ ಅಂಗಡಿಯಲ್ಲೂ ಸಿಗುತ್ತದೆ. ನೀರಲ್ಲಿ ಹತ್ತು ನಿಮಿಷ ನೆನೆಸಿ. ಮಚ್ಚನ್ನು ಕಲ್ಲಿನ ಮೇಲೆ ಆಡಿಸುವುದಕ್ಕಿಂತ ಮಚ್ಚು ಹಿಡಿದಲ್ಲೇ ಇರಲಿ, ಕಲ್ಲನ್ನು ಅಂಚಿನ ಮೇಲೆ ಸಣ್ಣ ಸಣ್ಣ ಸುತ್ತು ಹಾಕುತ್ತಾ ಓಡಿಸಿ. ಸಿಬಿರು ಬೀಳುತ್ತದೆ, ಅರದ ಗೆರೆ ನುಣುಪಾಗುತ್ತದೆ. ಸಿಬಿರು ಬಿಟ್ಟು ಕಡಿಯಲು ಹೋದರೆ ಮೊದಲ ಏಟಿಗೇ ಅದು ಮಡಚಿ, ಬಾಯಿ ಮೊಂಡಾಯಿತು ಅನಿಸುತ್ತದೆ.

ಎಳನೀರು ಮದ್ದೂರು

ಎರಡು ಸಂಜೆ ಯಾಕೆ ಸಾರ್? ಗ್ರೈಂಡರಿನಲ್ಲೇ ಹುಷಾರಾಗಿ ಮಾಡಿದರೆ 20 ನಿಮಿಷ. ನನ್ನ ಹೊಸ ಮಚ್ಚುಗಳಿಗೆಲ್ಲ ಮೊದಲ ಬಾಯಿ ಗ್ರೈಂಡರಿನಲ್ಲೇ ಮಾಡಿಸುವುದು. ಒಂದೂ ಕೆಟ್ಟಿಲ್ಲ.

ಪೀಣ್ಯ ಟೂಲ್‌ರೂಮ್

ಆಗುತ್ತದೆ, ಕೈ ಪಳಗಿದ್ದರೆ. ಪಕ್ಕದಲ್ಲಿ ಬಕೆಟ್ ನೀರು ಇರಬೇಕು. ಒಂದು ಎಳೆತ, ಒಂದು ಅದ್ದು. ಅಂಚು ತೆಳುವಾಗುವ ಮೊದಲೇ ನಿಲ್ಲಿಸಬೇಕು, ಉಳಿದದ್ದು ಅರಕ್ಕೆ ಬಿಡಬೇಕು. ಅಲಗಿನ ಮೇಲಿನ ನೀರಿನ ಹನಿ ಆವಿಯಾಗಲು ಶುರುವಾಯಿತು ಅಂದರೆ ಕೂಡಲೇ ಅದ್ದಿ.

ಗ್ರೈಂಡರಿಗೆ ಕೈಗವಸು ಹಾಕಬೇಡಿ. ತಿರುಗುವ ಚಕ್ರಕ್ಕೆ ಬಟ್ಟೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಬರಿಗೈ ಇದ್ದರೆ ಬಿಸಿಯೂ ಗೊತ್ತಾಗುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅರದ ಕೆಲಸಕ್ಕೆ ಇದರ ಉಲ್ಟಾ, ದಪ್ಪ ಚರ್ಮದ ಗವಸು ಹಾಕಲೇಬೇಕು. ಅರವನ್ನು ಚೂಪಾಗುತ್ತಿರುವ ಬಾಯಿಯ ಕಡೆಗೇ ತಳ್ಳುತ್ತಿರುತ್ತೀರಿ. ಜಾರಿದರೆ ಬೆರಳಿನ ಗಂಟು ನೇರ ಅಲಗಿನ ಮೇಲೆ.

ತೋಟಿಗರಿಗೆ ನನ್ನ ಸಲಹೆ ಅರವೇ. ಅರದಲ್ಲಿ ಮಚ್ಚು ಸುಡಲು ಸಾಧ್ಯವೇ ಇಲ್ಲ.

ಜಮಖಂಡಿ ಕಬ್ಬು

ನಮ್ಮ ಕಡೆ ಕಬ್ಬು ಕಡಿಯುವ ಗ್ಯಾಂಗಿನವರು ಕೊಯ್ತಾ (ಕಬ್ಬಿನ ಕತ್ತಿ) ಜೊತೆ ಒಂದು ತುಂಡು ಅರ ಇಟ್ಟುಕೊಂಡೇ ಹೊಲಕ್ಕೆ ಇಳಿಯುತ್ತಾರೆ. ಕಬ್ಬನ್ನು ಬುಡಕ್ಕೆ ಕಡಿಯಬೇಕು, ಇಲ್ಲದಿದ್ದರೆ ಸಿಹಿ ಇರುವ ಭಾಗವೇ ಹೊಲದಲ್ಲಿ ಉಳಿಯುತ್ತದೆ. ಬುಡಕ್ಕೆ ಹೋದರೆ ಮಣ್ಣು, ಹರಳು ತಾಗುತ್ತದೆ. ಗಂಟೆಗೊಮ್ಮೆ ಕೂತು ಆರೆಂಟು ಎಳೆತ ಹಾಕಿ ಏಳುತ್ತಾರೆ. ಪೂರ್ತಿ ಮೊಂಡಾಗುವವರೆಗೆ ಯಾರೂ ಕಾಯುವುದಿಲ್ಲ. ಮೊಂಡು ಕೊಯ್ತಾ ಹಿಡಿದವನ ಭುಜ ಸಂಜೆಗೆ ಎತ್ತಲಾಗುವುದಿಲ್ಲ.

ಸಾಗರದ ತೋಟಿಗ

ಎರಡು ಸಂಜೆ ಅಲ್ಲ, ಮೂರು ಸಂಜೆ ಆಯಿತು. ಹೇಳಿದ ಹಾಗೆ ದಿಮ್ಮಿಗೆ ಸೀಳು ಹಾಕಿ ಬೆಣೆ ಬಡಿದು ಕೂರಿಸಿದೆ. ಅಂಗಳದಲ್ಲಿ ಕೂತರೆ ಬೆಳಕು ಎದುರಿನಿಂದ ಬರುತ್ತಿತ್ತು. ಮೊಂಡು ಜಾಗ ಎಲ್ಲಿದೆಯೋ ಅಲ್ಲಿ ಅಂಚಿನಲ್ಲಿ ಸಣ್ಣ ಬಿಳಿ ಗೆರೆ ಹೊಳೆಯುತ್ತದೆ. ಮಸೆಯುತ್ತಾ ಹೋದ ಹಾಗೆ ಆ ಗೆರೆ ತುಂಡು ತುಂಡಾಗಿ, ಕೊನೆಗೆ ಮಾಯವಾಯಿತು. ಅಂಚೇ ಕಾಣದ ಹಾಗಾಯಿತು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನೋಡುತ್ತಾ ನೋಡುತ್ತಾ ಗೊತ್ತಾಯಿತು. ಅಮ್ಮ ಬಂದು ನೋಡಿ, ಅಜ್ಜನೂ ದೀಪದ ಬೆಳಕಿಗೆ ಹೀಗೇ ಹಿಡಿದು ನೋಡುತ್ತಿದ್ದ ಅಂದಳು.

ಮುಕ್ಕು ಹೋಯಿತು. ಮಧ್ಯ, ಬುಡ ಎರಡೂ ಅದ್ಭುತವಾಗಿದೆ. ಲಂಟಾನ ಒಂದೇ ಏಟಿಗೆ ಓರೆಯಾಗಿ ತುಂಡಾಗುತ್ತದೆ, ಕಡಿದ ಜಾಗ ನುಣ್ಣಗಿರುತ್ತದೆ.

ತುದಿ ಮಾತ್ರ ಇನ್ನೂ ಸರಿ ಇಲ್ಲ. 3 ಮಿಲಿಮೀಟರ್ ತೆಗೆದ ಮೇಲೂ ಕೊನೆಯ ಒಂದು ಇಂಚಿನಲ್ಲಿ ಅರದ ಶಬ್ದ ಮಂಕು. ಬಿದಿರಿಗೆ ಹಾಕಿದರೆ ಸ್ವಲ್ಪ ಮಡಚುತ್ತದೆ. ಇನ್ನೂ ತೆಗೆಯುತ್ತಾ ಹೋಗಲಾ?

ಕುಲುಮೆ ಮನೆ

ಬೇಡ, ನಿಲ್ಲಿಸಿ. ತುದಿ ತೆಳು ಇರುವುದರಿಂದ ಅಲ್ಲಿ ಬಿಸಿ ಆಳಕ್ಕೆ ಇಳಿದಿದೆ. ಈಗ ಎರಡು ದಾರಿ ಇದೆ. ತುದಿಯನ್ನು ಹಾಗೇ ಬಿಟ್ಟು ಹೊಟ್ಟೆಯಲ್ಲೇ ಕಡಿಯುವುದು, ನಿಜ ಹೇಳಬೇಕೆಂದರೆ 10ರಲ್ಲಿ 9 ಏಟು ಅಲ್ಲೇ ಬೀಳುತ್ತದೆ. ಇಲ್ಲವೇ ಕುಲುಮೆಗೆ ಒಯ್ದು ಹೊಸದಾಗಿ ಹದ ಹಾಕಿಸುವುದು. ಹೇಗೂ ಹಿಡಿ ಸಡಿಲ ಆಗಿದೆ ಅಂದಿರಿ. ಪ್ಲಾಸ್ಟಿಕ್ ಇಟ್ಟುಕೊಂಡು ಬೆಂಕಿಗೆ ಹಾಕಲು ಆಗುವುದಿಲ್ಲ, ಅದನ್ನು ಬಿಚ್ಚಿಸಿ. ಎರಡೂ ಕೆಲಸ ಒಟ್ಟಿಗೆ ಆಗುತ್ತದೆ.

ಹದ ಅಂದರೆ ಏನು ಅಂತ ಎರಡು ಮಾತು. ಉಕ್ಕನ್ನು ಕೆಂಪಗೆ ಕಾಯಿಸಬೇಕು. ಎಷ್ಟು ಕೆಂಪು ಅನ್ನುವುದೇ ವಿದ್ಯೆ. 770 ಡಿಗ್ರಿಯ ಹತ್ತಿರ ಕಬ್ಬಿಣಕ್ಕೆ ಅಯಸ್ಕಾಂತ ಅಂಟುವುದು ನಿಲ್ಲುತ್ತದೆ. ಅದರಿಂದ ಇನ್ನೂ ಸ್ವಲ್ಪ ಮೇಲೆ ಹೋಗಬೇಕು. ತೀರಾ ಹಳದಿಗೆ ಹೋದರೆ ಉಕ್ಕಿನ ಕಣ ದಪ್ಪವಾಗಿ ಮುರಿಯುವ ಗುಣ ಬರುತ್ತದೆ. ಕುಲುಮೆ ಯಾಕೆ ಕತ್ತಲಾಗಿರುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಬಿಸಿಲಲ್ಲಿ ಆ ಕೆಂಪು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಅದಕ್ಕೆ.

ಆಮೇಲೆ ಎಣ್ಣೆಗೆ ಅದ್ದಬೇಕು. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಮಾಡಿದ ಕತ್ತಿಗಳನ್ನು ನೀರಿಗೆ ಅದ್ದಿದರೆ ಟಿಣ್ ಅಂತ ಶಬ್ದ ಬಂದು ಬಿರುಕು ಬಿಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಣ್ಣೆ ನಿಧಾನ, ಸುರಕ್ಷಿತ. ಅದ್ದಿದ ಕೂಡಲೇ ಉಕ್ಕು ಗಾಜಿನ ಹಾಗೆ ಗಡಸು, ಬಿದ್ದರೆ ಮುರಿಯಬಹುದು. ಅದನ್ನು ಮತ್ತೆ ಹದವಾಗಿ ಕಾಯಿಸಿ ಇಳಿಸಬೇಕು. ಟೂಲ್‌ರೂಮಿನವರು ಹೇಳಿದ ಬಣ್ಣಗಳೆಲ್ಲ ಆಗ ಕೆಲಸಕ್ಕೆ ಬರುತ್ತವೆ. ಸಾಣೆಯಲ್ಲಿ ಬೇಡದೆ ಬಂದ ಬಣ್ಣವನ್ನೇ ಇಲ್ಲಿ ಬೇಕೆಂದು ಬರಿಸುವುದು.

ಶಿರಸಿ ಅಂಗಳ

ಕುಲುಮೆ ಹುಡುಕುವುದೇ ಈಗ ಕಷ್ಟ. ನಾನು ಚಿಕ್ಕವಳಿದ್ದಾಗ ನಮ್ಮ ಊರಿನಲ್ಲೇ ಇತ್ತು. ಮಳೆಗಾಲಕ್ಕೆ ಮೊದಲು ನೇಗಿಲಿನ ಕುಳ ಹಣಿಸಲು ಸಾಲು ನಿಲ್ಲುತ್ತಿತ್ತು. ದುಡ್ಡಲ್ಲ, ಸುಗ್ಗಿಯಲ್ಲಿ ಭತ್ತ ಅಳೆದು ಕೊಡುತ್ತಿದ್ದರು. ಟಿಲ್ಲರ್ ಬಂತು, ಕುಳದ ಕೆಲಸ ನಿಂತಿತು. ಕುಲುಮೆಯವರ ಮಕ್ಕಳು ವೆಲ್ಡಿಂಗ್ ಶಾಪ್ ಹಾಕಿದರು. ಅವರನ್ನು ತಪ್ಪು ಅನ್ನಲಾಗುವುದಿಲ್ಲ. ಆದರೆ ಕತ್ತಿ ಕೆಟ್ಟಾಗ ಆ ಮನೆ ನೆನಪಾಗುತ್ತದೆ.

ಕೊಡಗಿನ ಕಾಫಿ

ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಮೊದಲು ಮನೆಯ ಕತ್ತಿಗಳೆಲ್ಲ ಹೊರಗೆ ಬರುತ್ತವೆ. ಸೆಪ್ಟೆಂಬರ್ ಮೊದಲ ವಾರ, ನಾಟಿ ಮುಗಿದಿರುತ್ತದೆ. ತಿಕ್ಕಿ, ಎಣ್ಣೆ ಹಚ್ಚಿ ಕೋವಿಯ ಜೊತೆ ಪೂಜೆಗೆ ಇಡುತ್ತೇವೆ. ಒಡಿಕತ್ತಿಯ ಅಗಲ ಅಲಗನ್ನು ತಿಕ್ಕುವ ಕೆಲಸ ನನ್ನ ಪಾಲಿಗೆ. ಎಲ್ಲಿ ತುಕ್ಕು ಕೂತಿದೆ, ಯಾವ ಹಿಡಿ ಸಡಿಲ ಅಂತ ವರ್ಷಕ್ಕೊಮ್ಮೆ ಪೂರ್ತಿ ಲೆಕ್ಕ ಸಿಗುತ್ತದೆ. ಆಯುಧ ಪೂಜೆಯಲ್ಲಿ ನೀವೂ ಕುಂಕುಮ ಹಚ್ಚುವ ಮೊದಲು ಒಮ್ಮೆ ಅರ ಹಚ್ಚಿ.

ಸಾಗರದ ತೋಟಿಗ

ತುದಿ ಹಾಗೇ ಬಿಡೋಣ ಅಂದುಕೊಂಡಿದ್ದೆ. ಮನಸ್ಸು ಕೇಳಲಿಲ್ಲ. ನಮ್ಮ ಮನೆಯಿಂದ 18 ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಒಂದು ಕುಲುಮೆ ಇನ್ನೂ ಉರಿಯುತ್ತದೆ ಅಂತ ತಿಳಿಯಿತು. ವಾರಕ್ಕೆ ಎರಡೇ ದಿನ. ಮಚ್ಚನ್ನು ಗೋಣಿಚೀಲದಲ್ಲಿ ಸುತ್ತಿ, ಹಗ್ಗ ಕಟ್ಟಿ ಬೈಕಿನಲ್ಲಿ ಒಯ್ದೆ.

ಯಜಮಾನರಿಗೆ 70 ದಾಟಿದೆ. ಮಚ್ಚು ಕೈಗೆ ಕೊಟ್ಟ ಕೂಡಲೇ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಬೆನ್ನನ್ನು ಮೆಲ್ಲಗೆ ತಟ್ಟಿ ಕಿವಿ ಕೊಟ್ಟರು. ಬಿರುಕು ಇದ್ದರೆ ಶಬ್ದ ಒಡೆದು ಬರುತ್ತದೆ ಅಂದರು. ಇರಲಿಲ್ಲ. ಪ್ಲಾಸ್ಟಿಕ್ ಹಿಡಿಯ ರಿವೆಟ್‌ಗಳನ್ನು ಉಳಿಯಲ್ಲಿ ಹಾರಿಸಿದರು. ಕುಲುಮೆಗೆ ಈಗ ಕರೆಂಟಿನ ಬ್ಲೋಯರ್ ಇದೆ, ಆದರೆ ಹದ ಹಾಕುವಾಗ ಅದನ್ನು ನಿಲ್ಲಿಸಿ ಕೈಯಲ್ಲೇ ಗಾಳಿ ಕೊಟ್ಟರು. ಬ್ಲೋಯರ್ ಅವಸರ ಮಾಡುತ್ತದಂತೆ. ಬಾಗಿಲು ಮುಂದೆ ಮಾಡಿದರು. ಇಕ್ಕಳದಲ್ಲಿ ಅಲಗನ್ನು ಹಿಂದೆ ಮುಂದೆ ಆಡಿಸುತ್ತಲೇ ಇದ್ದರು, ಒಂದು ಕ್ಷಣವೂ ನಿಲ್ಲಿಸಲಿಲ್ಲ. ತೆಳು ತುದಿ ಮೊದಲು ಕೆಂಪಾಗುತ್ತದೆ, ಅದನ್ನು ಬೆಂಕಿಯಿಂದ ಆಚೆ ಇಟ್ಟು ದಪ್ಪ ಬುಡಕ್ಕೆ ಬಿಸಿ ಕೊಡಬೇಕು. ಕೊನೆಗೆ ಅಲಗಿನ ಉದ್ದಕ್ಕೂ ಒಂದೇ ಕೆಂಪು. ಮುಳುಗುವ ಸೂರ್ಯನ ಬಣ್ಣ. ಎಣ್ಣೆಯ ಡಬ್ಬಕ್ಕೆ ಇಳಿಸಿದಾಗ ಬುಸ್ ಅಂದಿತು, ಹೊಗೆ ತುಂಬಿತು.

ತೆಗೆದು ನೋಡಿದರೆ ಅಲಗು ಸ್ವಲ್ಪ ಸೊಟ್ಟ. ಬಿಸಿ ಪೂರ್ತಿ ಆರುವ ಮೊದಲೇ ಎರಡು ಮರದ ತುಂಡಿನ ನಡುವೆ ಒತ್ತಿ ನೆಟ್ಟಗೆ ಮಾಡಿದರು. ಅರ ಹಾಕಿ ನೋಡು ಅಂತ ನನ್ನ ಕೈಗೇ ಕೊಟ್ಟರು. ಅರ ಕಿರ್ ಅಂತ ಜಾರಿತು. ಇಲ್ಲಿ ನೀವು ಬರೆದದ್ದನ್ನು ಆಗ ಕೈಯಲ್ಲಿ ಓದಿದ ಹಾಗಾಯಿತು.

ಆಮೇಲೆ ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದರು. ಕೆಂಪಗೆ ಕಾದ ದಪ್ಪ ಕಬ್ಬಿಣದ ಪಟ್ಟಿಯ ಮೇಲೆ ಬೆನ್ನು ಕೆಳಗಾಗಿ ಇಟ್ಟರು. ಬಣ್ಣ ಬೆನ್ನಿನಿಂದ ಏರುತ್ತಾ ಬಂತು. ಬೆನ್ನು ನೀಲಿ, ನಡುಭಾಗ ನೇರಳೆ. ಬಾಯಿಯ ಹತ್ತಿರ ಕಂದು ಬಂದ ಕೂಡಲೇ ತೆಗೆದು ಮತ್ತೆ ಎಣ್ಣೆಗೆ. ಬೆನ್ನು ಮೆದು, ಬಾಯಿ ಗಟ್ಟಿ. ಈಗ ಅರ ಹಾಕಿದರೆ ಬುಡದಿಂದ ತುದಿಯವರೆಗೆ ಒಂದೇ ಶಬ್ದ.

ಹಿಡಿ ಪೇರಲೆ ಮರದ್ದು. ಕಬ್ಬಿಣದ ಬಳೆ ಹಾಕಿ, ಹೊಸ ರಿವೆಟ್ ಬಡಿದು ಕೊಟ್ಟರು. ಎಲ್ಲ ಸೇರಿ 350 ರೂಪಾಯಿ. ನಾನು 500 ಕೊಟ್ಟೆ, 150 ವಾಪಸ್ ಕೊಟ್ಟೇಬಿಟ್ಟರು.

ಕುಲುಮೆ ಮನೆ

ಓದಿ ತುಂಬಾ ಸಂತೋಷವಾಯಿತು. ಬೆನ್ನಿನಿಂದ ಬಣ್ಣ ಏರಿಸಿದ್ದು ನಮ್ಮಪ್ಪನ ಪದ್ಧತಿಯೂ ಹೌದು. ಆ ಯಜಮಾನರಿಗೆ ನನ್ನ ನಮಸ್ಕಾರ ಹೇಳಿ.

ಹೊಸ ಹದದ ಮೇಲೆ ಮೊದಲ ದಿನ ಒಣ ಮರ ಕಡಿಯಬೇಡಿ. ಹಸಿ ಕೊಂಬೆಯಲ್ಲಿ ಶುರು ಮಾಡಿ, ಸಂಜೆ ಅಂಚು ನೋಡಿ. ಸಣ್ಣ ಸಣ್ಣ ಚಕ್ಕೆ ಹಾರಿದ್ದರೆ ಹದ ಇನ್ನೂ ಸ್ವಲ್ಪ ಇಳಿಸಬೇಕು, ಅದನ್ನು ಅವರೇ ಮಾಡಿಕೊಡುತ್ತಾರೆ.

ಶಿರಸಿ ಅಂಗಳ

ಮಳೆಗಾಲದಲ್ಲಿ ಜೋಪಾನ. ಈಗ ಕಪ್ಪು ಬಣ್ಣ ಬೆಂಕಿಯಲ್ಲಿ ಹೋಗಿರುತ್ತದೆ, ತುಕ್ಕು ಬೇಗ ಹಿಡಿಯುತ್ತದೆ. ಅಡಿಕೆಯ ಚೊಗರು ತಾಗಿದರೆ ಕಬ್ಬಿಣ ಕಪ್ಪಾಗುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಒದ್ದೆ ಸೊಪ್ಪಿನ ರಸ ರಾತ್ರಿಯಿಡೀ ಉಳಿಯಲು ಬಿಡಬೇಡಿ. ಹಲಸಿನ ಮೇಣ ಅಂಟಿದರೆ ನೀರಿಗೆ ಹೋಗುವುದಿಲ್ಲ, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ. ಒರೆಸಿದ ಅದೇ ಬಟ್ಟೆಯನ್ನು ಅಲಗಿಗೆ ಸುತ್ತಿಡಿ.

ಸಾಗರದ ತೋಟಿಗ

ಇವತ್ತು ಬೆಟ್ಟದಲ್ಲಿ ನಾಲ್ಕು ಗಂಟೆ ಕೆಲಸ ಮಾಡಿದೆ. ಲಂಟಾನ, ಎರಡು ಹಸಿ ಬಿದಿರು, ಒಂದಷ್ಟು ಹಸಿ ಕೊಂಬೆ. ಸಂಜೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಿಳಿ ಗೆರೆ ಎಲ್ಲೂ ಇಲ್ಲ. ಬಿದಿರಿನ ಗಿಣ್ಣು ತಾಗಿದ ಒಂದು ಜಾಗದಲ್ಲಿ ಮಾತ್ರ ಸಾಸಿವೆಯಷ್ಟು ಹೊಳಪಿತ್ತು. ಕಲ್ಲಿನಲ್ಲಿ ಐದಾರು ಸುತ್ತು ಹಾಕಿದೆ, ಹೋಯಿತು.

ಅಟ್ಟದಲ್ಲಿ ಅಜ್ಜನ ಕತ್ತಿ ಸಿಕ್ಕಿದೆ. ಪೂರ್ತಿ ತುಕ್ಕು, ಹಿಡಿ ಗೆದ್ದಲು ತಿಂದಿದೆ. ಒಂದು ಮೂಲೆ ಉಜ್ಜಿ ಅರ ಹಾಕಿ ನೋಡಿದೆ. ಚೆನ್ನಾಗಿ ಕಚ್ಚುತ್ತದೆ, ಅದೇ ಝುಂಯ್ ಶಬ್ದ. ನಾಳೆ ದಿಮ್ಮಿಯ ಸೀಳಿಗೆ ಅದನ್ನು ಕೂರಿಸುತ್ತೇನೆ. ತುಕ್ಕು ತೆಗೆಯುವುದಕ್ಕೆ ಯಾರಾದರೂ ಹುಣಸೆಹುಳಿ ಬಳಸಿ ನೋಡಿದ್ದೀರಾ? ಎಷ್ಟು ಹೊತ್ತು ನೆನೆಸಬೇಕು?